ತಪ್ಪು ಉತ್ತರದ ಕರಾರು

ಸರಿಯಾದ ಉತ್ತರ ಕೊಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸುಮಂಗಲಾಳ ಸಂಕಟವೇ ಅದು.

ನೌಕರಿಯ ಪರೀಕ್ಷೆಗೆ ಓದಲು ಅವಳೂ ಗೆಳತಿ ಆಮ್ರಪಾಲಿಯೂ ತಿಕೋಟಾದಿಂದ ವಿಜಯಪುರಕ್ಕೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ದಾರಿಯುದ್ದಕ್ಕೂ ಒಬ್ಬಳು ಪ್ರಶ್ನೆ ಕೇಳುವುದು, ಇನ್ನೊಬ್ಬಳು ಒಂದೇ ಶಬ್ದದಲ್ಲಿ ಉತ್ತರಿಸುವುದು. ಉತ್ತರ ತಪ್ಪಿದರೆ, ಕೇಳಿದವಳು ಬಸ್ಸಿಳಿಯುವ ತನಕ ಅದನ್ನು ಬಿಡಿಸಿ ಹೇಳಬೇಕು. ಅದು ಅವರ ಕರಾರು.

ನೌಕರಿ ಸಿಕ್ಕಿ ಆಮ್ರಪಾಲಿ ಬೀದರಿಗೆ ಹೋದಳು. ಸುಮಂಗಲಾ ಇನ್ನೂ ಓದುತ್ತಿದ್ದಾಳೆ. ಈಗ ದಿನಾ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಕೂತಾಗ ಮೊಬೈಲಿಗೆ ಆಮ್ರಪಾಲಿಯ ಒಂದು ಪ್ರಶ್ನೆ ಬರುತ್ತದೆ. ಇವಳು ಉತ್ತರ ಕಳಿಸುತ್ತಾಳೆ. ‘ಸರಿ’ ಎಂದು ಬರುತ್ತದೆ. ಮುಗಿಯಿತು. ಪಕ್ಕದ ಸೀಟಿನಲ್ಲಿ ಯಾರದೋ ಜೋಳದ ಚೀಲ.

ಇವತ್ತು ‘ಕೃಷ್ಣಾ ನದಿ ಹುಟ್ಟೂದು ಎಲ್ಲಿ?’ ಎಂದು ಬಂತು. ಮಹಾಬಳೇಶ್ವರ ಎಂದು ನಿದ್ದೆಗಣ್ಣಿನಲ್ಲೂ ಹೇಳಿಯಾಳು. ಬೇಕೆಂದೇ ‘ನಾಸಿಕ’ ಎಂದು ಕಳಿಸಿದಳು.

ಫೋನು ಬಂದೇ ಬಂತು. “ಏನಲೇ ಸುಮಾ, ಓದೂದು ಬಿಟ್ಟೀಯೇನ? ನಾಸಿಕದ ಕಡೆ ಹುಟ್ಟೂದು ಗೋದಾವರಿ!” ನದಿ, ಬೆಟ್ಟ, ನಡುನಡುವೆ ಬೈಗುಳ. ಎಷ್ಟು ದಿನವಾಗಿತ್ತು ಆ ಬೈಗುಳ ಕೇಳಿ!

ವಿಜಯಪುರ ಹತ್ತಿರ ಬಂತು. “ಈಗ ನಿನ್ನ ಪಾಳಿ, ಕೇಳ,” ಎಂದಳು ಆಮ್ರಪಾಲಿ.

“ಭಾರತದ ರಾಜಧಾನಿ ಯಾವುದ?”

ಆ ಕಡೆಯಿಂದ ಸಣ್ಣ ದನಿಯಲ್ಲಿ, “ತಿಕೋಟಾ,” ಎಂದು ಬಂತು.

ಸುಮಂಗಲಾ ಬಿಡಿಸಿ ಹೇಳತೊಡಗಿದಳು. ಬಸ್ಸು ನಿಂತಿತು, ಜನರೆಲ್ಲ ಇಳಿದರು. ಅವಳು ಮಾತ್ರ ಸೀಟು ಬಿಟ್ಟು ಏಳಲಿಲ್ಲ.