ಮೂರನೇ ಸುತ್ತಿನ ಸೇವಂತಿಗೆ

ಮೋಹನ್‌ಬಾಬುವಿನ ಕಾರಿಗೆ ಎಂಜಿನ್ ಇರುವುದು ಮುಂದೆಯೂ ಅಲ್ಲ, ಡಿಕ್ಕಿಯ ಹತ್ತಿರವೂ ಅಲ್ಲ. ಸರಿಯಾಗಿ ನಡುವೆ, ಓಡಿಸುವವನ ಬೆನ್ನಿಗೆ ಅಂಟಿಕೊಂಡಂತೆ. ಮಂಡಿಕಲ್‌ನಲ್ಲಿ ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ, ಬಾನೆಟ್ ಎತ್ತಿ ತೋರಿಸು ಅನ್ನುತ್ತಾರೆ. ಎತ್ತಿದರೆ ಒಂದು ಬುಟ್ಟಿ ಹೂ ಹಿಡಿಸುವಷ್ಟು ಖಾಲಿ ಜಾಗ. ಕಾರು ಬಂದ ದಿನ ಪೂಜೆಗೆ ಬಂದ ಪೂಜಾರಪ್ಪ ಆ ಖಾಲಿ ಜಾಗಕ್ಕೇ ಮಂಗಳಾರತಿ ಎತ್ತಿ, ಆಮೇಲೆ ‘ಎಂಜಿನ್ ಎಲ್ಲಪ್ಪ’ ಅಂತ ಕೇಳಿದ್ದು ಊರಿಗೆಲ್ಲ ಗೊತ್ತು.

ಮೂರು ಎಕರೆ ಸೇವಂತಿಗೆ ಬೆಳೆಯುವ ನಲವತ್ತೈದರ ಮನುಷ್ಯನಿಗೆ ಇಂಥ ಕಾರು ಯಾಕೆ ಬೇಕಿತ್ತು ಎಂದು ಕೇಳಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು. ಏಳು ವರ್ಷದ ಹಿಂದೆ ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಹಂಪು ಬಂದಲ್ಲೆಲ್ಲ ಕಾರನ್ನು ಓರೆ ಮಾಡಿ ಹತ್ತಿಸಿ ಇಳಿಸುತ್ತ, ಚಿಂತಾಮಣಿಯ ಆಚೆ ಬಂಡೆಗುಡ್ಡಗಳ ನಡುವೆ ಇರುವ ಖಾಸಗಿ ರೇಸ್ ಟ್ರ್ಯಾಕಿಗೆ ಹೋಗುತ್ತಿದ್ದ. ಅಲ್ಲಿ ಒಂದು ಸರದಿಗೆ ಹತ್ತು ಸುತ್ತು.

ಆ ಗುಡ್ಡದ ಮಗ್ಗುಲಲ್ಲಿ ಒಂದು ಉದ್ದನೆಯ ತಿರುವಿದೆ. ಅಲ್ಲಿ ಕಾರು ತಿರುಗುತ್ತಿದೆ ಅಂತ ಅವನಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ತನ್ನ ಸೊಂಟವೇ ಮೆಲ್ಲಗೆ ತಿರುಗುತ್ತದೆ, ಬಂಡೆ, ಆಕಾಶ, ಬೇಲಿ ಎಲ್ಲ ಅದರ ಸುತ್ತ ತೇಲಿಕೊಂಡು ಬರುತ್ತವೆ. ಒಂದು ವರ್ಷದಿಂದ ಈಚೆಗೆ ಇನ್ನೊಂದು ಸೋಜಿಗ ಸೇರಿಕೊಂಡಿತ್ತು. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಕಾರಿನ ಒಳಗೆ ಬಿಸಿಲಿಗೆ ಕಾದ ಸೇವಂತಿಗೆಯ ವಾಸನೆ ತುಂಬುತ್ತಿತ್ತು. ತಾನು ಆರು ವರ್ಷದವನಾಗಿ ಹೂವಿನ ಸಾಲುಗಳ ನಡುವೆ ಅಂಗಾತ ಮಲಗಿದ್ದೇನೆ, ಮೇಲೆ ಜೇನುನೊಣ ಗುಂಯ್‌ಗುಡುತ್ತಿದೆ ಅನ್ನಿಸುತ್ತಿತ್ತು. ಸುಖ ಹೆಚ್ಚಾದರೆ ಹೀಗೆಲ್ಲ ಆಗುತ್ತೇನೋ ಅಂದುಕೊಂಡು ಅವನು ಯಾರಿಗೂ ಹೇಳಿರಲಿಲ್ಲ.

ಆದರೆ ಅದೇ ಮೂರನೇ ಸುತ್ತಿಗೆ ಎಂಜಿನ್ ಆಯಿಲ್ ಕಾದು ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ಹೊರಗೆ ಬಂದು ನಿಲ್ಲಿಸಲೇಬೇಕು. ಆಮೇಲೆ ಆವತ್ತಿನ ಆಟ ಮುಗಿದಂತೆ, ಮಧ್ಯಾಹ್ನದ ಊಟಕ್ಕೆ ಮನೆ.

"ಬಿಳಿ ಆನೆ ಸಾಕ್ತಿದೀಯ ಅಣ್ಣ," ಎಂದ ಪ್ರತಿ ಸಲವೂ ಟ್ರ್ಯಾಕಿಗೆ ಬಂದಿರುತ್ತಿದ್ದ ಚಿಂತಾಮಣಿಯ ಮೆಕ್ಯಾನಿಕ್ ಚಲಪತಿ. "ಒಂದು ಕಾಲಕ್ಕೆ ಟ್ರ್ಯಾಕಿಗೆ ಇದರಂಥ ಲಾಭದ ಗಾಡಿ ಇರ್ಲಿಲ್ಲ, ಒಪ್ತೀನಿ. ಹಗುರ, ಟೈರು ಸವೆಯಲ್ಲ, ಬ್ರೇಕು ಬಾಳಿಕೆ ಬರ್ತದೆ. ಈಗ ಮಾಮೂಲಿ ಮನೆ ಕಾರುಗಳೇ ಇದರ ಟೈಮಿಗೆ ಸುತ್ತು ಹಾಕ್ತವೆ. ಐದು ಜನರ ಮನೆಗೆ ಎರಡು ಸೀಟು, ಅದರಲ್ಲೂ ಒಂದು ಯಾವಾಗ್ಲೂ ಖಾಲಿ. ಎಂಜಿನ್ ಬಿಚ್ಚಿದ್ರೆ ಕಾರಿಗಿಂತ ಖರ್ಚೇ ಜಾಸ್ತಿ. ಕೊಟ್ಬಿಡು."

ಕೊಡುವುದು ಅಂತಲೇ ಆಗಿತ್ತು. ಚಿಕ್ಕಬಳ್ಳಾಪುರದ ಕಶ್ಯಪ್ ಎಂಬುವವನು ಆ ಭಾನುವಾರ ಸಂಜೆ ನೋಡಲು ಬರುವವನಿದ್ದ. ಕೊನೆಯ ಸಲ ಮೂರು ಸುತ್ತು ಹಾಕಿ ಬಂದ ಮೋಹನ್‌ಬಾಬು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದ. ಆ ಕಡೆ ಚಲಪತಿ, ಕೊಳ್ಳುವವನು ಬಿಚ್ಚಿಸಿ ನೋಡಿದರೆ ಮರ್ಯಾದೆ ಹೋಗಬಾರದೆಂದು, ಹಿಂದಿನ ಚಕ್ರದ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಕಳಚಿದ.

"ಇದೇಮಿಟಣ್ಣ, ಏನಿದು?" ಎಂದ.

ಬಾಗಿಲ ಹಿಂದೆ, ಕಾರಿನ ಪಕ್ಕೆಯಲ್ಲಿ, ಗಾಳಿ ಹೋಗುವ ಒಂದು ಕಿಂಡಿಯಿದೆ. ಒಳಗಿನ ಸಣ್ಣ ರೇಡಿಯೇಟರಿಗೆ ಗಾಳಿ ಬಡಿದು ಎಂಜಿನ್ ಆಯಿಲ್ ತಣ್ಣಗಾಗುವುದು ಆ ದಾರಿಯಿಂದಲೇ. ಅಲ್ಲಿಂದ ಚಲಪತಿ ಕಂಬಿ ಹಾಕಿ ಎಳೆದದ್ದು ಒಣಗಿದ ಹೂವು. ಒಂದು ಹಿಡಿ, ಎರಡು ಹಿಡಿ, ಎಳೆದಷ್ಟೂ ಬಂತು. ದಾರದಲ್ಲಿ ಕಟ್ಟಿದ ಸೇವಂತಿಗೆ, ಹುರಿದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಆ ಗಂಟು ಮೋಹನ್‌ಬಾಬುಗೆ ಚೆನ್ನಾಗಿ ಗೊತ್ತು. ಎರಡು ಹೂವಿಗೊಮ್ಮೆ ದಾರವನ್ನು ಹಿಂದಕ್ಕೆ ತಂದು ಬಿಗಿಯುವುದು ಅವನ ತಾಯಿ ವೆಂಕಟರತ್ನಮ್ಮ ಮಾತ್ರ.

ಚಲಪತಿ ನೆಲದ ಮೇಲೆ ಕೂತು ನಕ್ಕ. ಮೋಹನ್‌ಬಾಬು ನಗುತ್ತಲೇ ಕಶ್ಯಪ್‌ಗೆ ಫೋನ್ ಮಾಡಿ ಮಾರುವುದಿಲ್ಲ ಅಂದ. ಆಮೇಲೆ ಹತ್ತು ಸುತ್ತು ಹಾಕಿದ, ಇನ್ನೂ ಹತ್ತು ಹಾಕಿದ, ಮುಳ್ಳು ನಡುವೆಯೇ ನಿಂತಿತ್ತು. ಎಲ್ಲ ಸರಿಯಿತ್ತು. ಆದರೆ ಗುಡ್ಡದ ತಿರುವಿನಲ್ಲಿ ಹೂವಿನ ವಾಸನೆ ಇರಲಿಲ್ಲ, ಅವನು ಅದನ್ನೇ ಹುಡುಕುತ್ತಿದ್ದ.

ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ವೆಂಕಟರತ್ನಮ್ಮ ಗೇಟು ಹಿಡಿದುಕೊಂಡು ನಿಂತಿದ್ದರು. ಮಧ್ಯಾಹ್ನದ ಮುದ್ದೆಯನ್ನು ಅವರು ಮುಟ್ಟಿಯೇ ಇರಲಿಲ್ಲ.

"ಅಮ್ಮ, ಆ ಕಿಂಡಿಗೆ ಹೂ ಇಡ್ತಿದ್ದೋಳು ನೀನಾ?"

"ಹೂಂ ಕಣಪ್ಪ. ಮುಂದೆ ಏನೂ ಇಲ್ಲ, ಖಾಲಿ ಡಬ್ಬಕ್ಕೆ ಪೂಜೆ ಮಾಡಿ ಏನು ಬಂತು? ಉಸಿರು ಎಲ್ಲಿ ಎಳೀತದೋ ಅಲ್ಲಿಡ್ಬೇಕು ಅಂತ, ಹೋದ ಆಯುಧಪೂಜೆಯಿಂದ ಇಡ್ತಿದೀನಿ. ನೀನು ಹೋಗೋ ಹಿಂದಿನ ಶನಿವಾರ ಸಾಯಂಕಾಲ, ಗಾಳಿಗೆ ಬೀಳದಂಗೆ ಮೊಣಕೈವರೆಗೂ ಕೈ ತೂರ್ಸಿ."

"ಏನಂತ ಬೇಡ್ಕೊಂಡು ಇಡ್ತಿದ್ದೆ?"

ಆಕೆ ಸೆರಗಿನ ತುದಿ ನೋಡಿಕೊಂಡರು. "ನನ್ನ ಮಗ ಬೇಗ ಮನೆಗೆ ಬರ್ಲಿ ಅಂತ. ನೀನೂ ಮಧ್ಯಾಹ್ನಕ್ಕೇ ಬಂದ್ಬಿಡ್ತಿದ್ದೆ. ದೇವರು ನಡೆಸಿಕೊಡ್ತಿದಾನೆ ಅಂದ್ಕೊಂಡು ಒಂದು ವರ್ಷದಿಂದ ಆ ಭಾನುವಾರಗಳಲ್ಲೂ ಒಂದು ತುತ್ತು ಉಂಡು ಮಲಗ್ತಿದ್ದೆ."

ಅದಕ್ಕೂ ಹಿಂದಿನ ಆರು ವರ್ಷ ಆಕೆ ಆ ಭಾನುವಾರಗಳಲ್ಲಿ ಏನು ಮಾಡುತ್ತಿದ್ದರು ಎಂದು ಮೋಹನ್‌ಬಾಬು ಒಂದು ದಿನವೂ ಯೋಚಿಸಿರಲಿಲ್ಲ. ಕಾರು ಲಾಭವೋ ನಷ್ಟವೋ ಎಂದು ಚಲಪತಿ ಹಾಕಿದ ಲೆಕ್ಕದಲ್ಲಿ ಇದೊಂದು ಬಿಟ್ಟುಹೋಗಿತ್ತು.

"ಮಾರ್ಬಿಡ್ಲಾಮ್ಮ?"

"ಮಾರು ಅಂತ ನಾನೆಲ್ಲಪ್ಪ ಅಂದೆ? ಅದರಿಂದ ಇಳಿಯುವಾಗ ನಿನ್ನ ಮುಖ ಹೆಂಗಿರ್ತದೆ ಅಂತ ನಿನಗೇನು ಗೊತ್ತು? ಕಾಯೋದು ಕಷ್ಟ, ಅಷ್ಟೆ."

ಮುಂದಿನ ತಿಂಗಳು ಆ ಖಾಲಿ ಸೀಟಿನಲ್ಲಿ ವೆಂಕಟರತ್ನಮ್ಮ ಕೂತರು. ಮಡಿಲಲ್ಲಿ ಹೂವಿನ ಬುಟ್ಟಿ. ಹಂಪು ಬಂದಾಗಲೆಲ್ಲ "ನಿಧಾನ ಕಣಪ್ಪ" ಅಂದರು. ಟ್ರ್ಯಾಕಿನ ಪಕ್ಕದ ಹೊಂಗೆ ಮರದ ಕೆಳಗೆ ಚಾಪೆ ಹಾಸಿಕೊಂಡು ಹೂ ಕಟ್ಟಲು ಶುರು ಮಾಡಿದರು.

ಮೋಹನ್‌ಬಾಬು ಹೊರಟ. ಒಂದು ಸುತ್ತು, ಎರಡು ಸುತ್ತು. ಪ್ರತಿ ಸಲ ಮರದ ಹತ್ತಿರ ಬಂದಾಗ, ದಾರ ಹಿಡಿದ ಆ ಕೈ ನಿಂತುಬಿಡುವುದು ಅವನಿಗೆ ಕಂಡಿತು. ಮೂರನೇ ಸುತ್ತು ಮುಗಿಸಿದವನೇ ಹೊರಗೆ ಬಂದು ಮರದ ನೆರಳಿನಲ್ಲಿ ಕಾರು ನಿಲ್ಲಿಸಿದ.

ಚಲಪತಿ ಓಡಿ ಬಂದು ಒಳಗೆ ಇಣುಕಿದ. ಮುಳ್ಳು ನಡುವೆಯೇ ಇತ್ತು.

"ಏನಾಯ್ತಣ್ಣ?"

"ಬಿಸಿಯಾಯ್ತು," ಎಂದು ಮೋಹನ್‌ಬಾಬು ಇಳಿದು ಚಾಪೆಯ ಮೇಲೆ ತಾಯಿಯ ಪಕ್ಕ ಕೂತ. ಬುಟ್ಟಿಯ ಸೇವಂತಿಗೆ ಬಿಸಿಲಿಗೆ ಘಮ್ಮೆನ್ನುತ್ತಿತ್ತು. ಅವನು ಕಣ್ಣು ಮುಚ್ಚಿದ.

ವೆಂಕಟರತ್ನಮ್ಮ ಅವನ ಮುಖವನ್ನು ಒಂದು ಸಲ ನೋಡಿ ಮತ್ತೆ ಹೂ ಎತ್ತಿಕೊಂಡರು. ನಾಲ್ಕು ಗಂಟು ಹಾಕಿದರು.

"ತಣ್ಣಗಾಯ್ತು," ಎಂದರು. "ಹೋಗಪ್ಪ."