ಮುಸುರಿ ಮಷೀನು

ಗುಳುಗುಳು, ತುಸು ನಿಂತು ಮತ್ತೆ ಗುಳುಗುಳು, ಉಪವಾಸ ಇದ್ದವರ ಹೊಟ್ಟೆ ಕೂಗಿದ ಹಾಗೆ — ಒಳಗೆ ನೀರು ತಿರುಗುತ್ತಿದೆ, ತಿರುಗಲಿ, ತಿರುಗಿ ತಿರುಗಿ ಅದಕ್ಕೇ ತಲೆಸುತ್ತು ಬಂದು ಬೀಳಲಿ ಎಂದುಕೊಂಡಳು ಶಿವಗಂಗವ್ವ, ಮರುಗಳಿಗೆಗೇ ಅಯ್ಯ ಪಾಪ ಎನಿಸಿತು, ಮಷೀನಿನ ಮೇಲಲ್ಲ, ಅದಕ್ಕೆ ಕಿವಿ ಹಚ್ಚಿಕೊಂಡು ನೆಲಕ್ಕೆ ಕೂತ ಬಾಬಾಲಾಲನ ಮೇಲೆ, ಗೋಕಾಕದಲ್ಲಿ ನೀರಿನ ಮೋಟರು, ಗ್ರೈಂಡರು ರಿಪೇರಿ ಮಾಡುವ ಮನುಷ್ಯ, ಗಡ್ಡ ಅರ್ಧ ಬೆಳ್ಳಗಾಗಿದೆ, ಮುಖ ಮಾತ್ರ ಪರೀಕ್ಷೆ ಬರೆದು ಬಂದ ಹುಡುಗನದು. ಅವ್ವಾರ, ಕೇಳ್ರಿಲ್ಲಿ, ಒಳಗ ನೀರ ಚಿಮ್ಮೂ ತೋಳ ತಿರಗಾಕತ್ತೈತಿ, ಎನ್ನುತ್ತಾನೆ. ತಿರಗಲಿ ತಮ್ಮಾ, ನನ್ನ ತೋಳೂ ಲಗ್ನ ಆದಾಗಿಂದ ತಿರಗಾಕತ್ತಾವ, ಒಬ್ಬರೂ ಕಿವಿ ಹಚ್ಚಿ ಕೇಳಲಿಲ್ಲ — ಹೀಗೆನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿದಳು, ಪಣ ಕಟ್ಟಿದವಳು ಬಾಯಿ ಮುಚ್ಚಿಕೊಂಡು ಕೂಡಬೇಕು. ಹೊರಗೆ ಬಂಡೆಯ ಮೇಲಿಂದ ಫಾಲ್ಸು ಬೀಳುವ ಸದ್ದು, ಒಳಗೆ ಈ ಪೆಟ್ಟಿಗೆಯ ಸದ್ದು, ಮನೆಯೊಳಗೂ ಒಂದು ಫಾಲ್ಸು ಬಂದಂತಾಯಿತು. ನಡುಮಟ್ಟದ ಪೆಟ್ಟಿಗೆ, ಮೇಲೆ ಎತ್ತುವ ಮುಚ್ಚಳ, ಎಳೆ ಮಾವಿನಕಾಯಿಯ ಬಣ್ಣ, ಎದುರಿಗೆ ದುಂಡಗೆ ಬರೆದ ಅಕ್ಷರ, ತಾಯಿಯ ಆಶೀರ್ವಾದ. ಬಣ್ಣ ಹಚ್ಚಿದವನು ಹುಕ್ಕೇರಿಯ ಟ್ರ್ಯಾಕ್ಟರ್ ಟ್ರೇಲರಿನ ಪೇಂಟರು, ಕೈಗೆ ರೂಢಿ, ಬಣ್ಣ ಒಣಗಿತೋ ಇಲ್ಲವೋ ಬರೆದೇಬಿಟ್ಟಿದ್ದ, ಸೊಸೆ ಶೈಲಾ ನೋಡಿ ಹೌಹಾರಿ ಆಮೇಲೆ ಬಿದ್ದು ಬಿದ್ದು ನಕ್ಕಿದ್ದಳು, ಇರಲಿ ಬಿಡ್ರಿ ಅತ್ತಿ, ಚಂದ ಐತಿ. ಯಾವ ತಾಯಿ, ಯಾವ ಆಶೀರ್ವಾದ, ನಾನಂತೂ ಕೊಟ್ಟಿಲ್ಲ.

ಶೈಲಾ ಮೊಬೈಲು ಎತ್ತಿ ಹಿಡಿದು ಅಡಿಗೆಮನೆಯ ಸುತ್ತ ತಿರುಗುತ್ತಿದ್ದಾಳೆ, ಅಲ್ಲಿ ನೀಲಿ ಅಂಚಿನ ಇನಾಮೆಲ್ ತಾಟುಗಳ ಗೂಡು, ಇಲ್ಲಿ ಗುಂಡಿ ತಿರುವುವ ರೇಡಿಯೊ, ಮೂಲೆಯಲ್ಲಿ ಒಲೆ, ಒಲೆಯ ಬಾಜೂಕ ಹಿತ್ತಾಳೆ ಕೊಡ. ಫಾಲ್ಸಿನ ಹತ್ತಿರದ ಈ ಹಳೆಯ ಕಲ್ಲಿನ ಬಾಡಿಗೆ ಮನೆಯಲ್ಲಿ, ತಾವೆಲ್ಲ ಮೊದಲಿಂದಲೂ ಇರುವ ಮನೆಯಲ್ಲೇ, ಶನಿವಾರ ರವಿವಾರ ನೀರು ನೋಡಲು ಬಂದವರಿಗೆ ರೊಟ್ಟಿ ಊಟ ಹಾಕುತ್ತಾಳೆ, ಹಳೇ ಕಾಲದ ಅಡಿಗೆಮನೆ ಎಂದು ಹೆಸರು, ರೆಟ್ರೋ ಅಂತಾರ ಅತ್ತಿ ಇದಕ್ಕ. ನಾವು ನಾಚಿಕೆಪಟ್ಟು ಅಟ್ಟಕ್ಕೆ ಎಸೆದದ್ದನ್ನೆಲ್ಲ ಈ ಹುಡುಗಿ ಇಳಿಸಿ, ಒರೆಸಿ, ಗೋಡೆಗೆ ತೂಗುಹಾಕುತ್ತಾಳೆ, ಬಂದವರು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ, ಹಾಗಾದರೆ ನಾನೂ ರೆಟ್ರೋನೇ ಅಲ್ಲವೇ, ನನಗೇಕೆ ಯಾರೂ ಮಾವಿನಕಾಯಿ ಬಣ್ಣ ಹಚ್ಚಲಿಲ್ಲ. ಈ ಪೆಟ್ಟಿಗೆಯೋ, ಇಲ್ಲೇ ಯಾವುದೋ ಸಾಹೇಬರ ಬಂಗಲೆಯಲ್ಲಿ ಅವರ ಹೆಂಡತಿ ಮಡ್ಡಮ್ಮನ ತಾಟು ತೊಳೆದದ್ದಂತೆ, ಕೈಯಿಂದ ಕೈಗೆ ಹೋಗಿ ಮೂಡಲಗಿಯಲ್ಲಿ ಶೈಲಾಳ ಸೋದರಮಾವ ವೀರಪ್ಪನ ದನದ ಮನೆ ಸೇರಿತ್ತು, ಅವನು ಅದರೊಳಗೆ ಹತ್ತಿಕಾಳು ಹಿಂಡಿ ತುಂಬಿಡುತ್ತಿದ್ದ, ಎಮ್ಮೆಗಳು ನೆಕ್ಕಿ ನೆಕ್ಕಿ ಬಣ್ಣವನ್ನೆಲ್ಲ ತಿಂದುಬಿಟ್ಟಿದ್ದವು. ಮಾವನ ಮನೆಗೆ ಊಟಕ್ಕೆ ಹೋದವಳು ಹಿಂಡಿಪೆಟ್ಟಿಗೆ ಹೊತ್ತುಕೊಂಡು ಬಂದಳು ನೋಡು! ಮಾವಾ, ಇದು ಮುಸುರಿ ತೊಳಿಯೂ ಮಷೀನು. ಏ ಹುಚ್ಚಿ, ನನ್ನ ಎಮ್ಮಿ ಎಂದರ ತಾಟಿನ್ಯಾಗ ಉಂಡಾವೇನ? ಆಮೇಲೆ ಬಾಬಾಲಾಲನ ಪಾಡು — ಇಲಿ ಕಡಿದ ವೈರು, ಸುಟ್ಟ ಮೋಟರು, ಮುಚ್ಚಳದ ಅಂಚಿಗೆ ರಬ್ಬರೇ ಇಲ್ಲ, ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಅಂಟಿಸಿದ, ತೋಳಿನ ತೂತುಗಳಲ್ಲಿ ಗಟ್ಟಿಯಾಗಿ ಕೂತ ಹಿಂಡಿಯನ್ನು ಅವನ ಹೆಂಡತಿ ಗುಡುಬಿ, ಕೌದಿ ಹೊಲಿಯುವ ಸೂಜಿಯಿಂದ ಕುಕ್ಕಿ ಕುಕ್ಕಿ ತೆಗೆದಳು, ಮೊದಲ ಸಲ ಕರೆಂಟು ಕೊಟ್ಟಾಗ ಗಡಗಡ ಕುಣಿಯುತ್ತ ಅಂಗಡಿ ದಾಟಿ ರಸ್ತೆಗೆ ಬಂತಂತೆ, ಆಟೋದವರು ಹಾರ್ನು ಹೊಡೆದರಂತೆ, ಇವನು ಅಡ್ಡಬಿದ್ದು ತಬ್ಬಿ ಹಿಡಿದನಂತೆ. ಅಲ್ಲಾನ ಆಣಿ ಅವ್ವಾರ, ಹೋರಿ ಹಿಡದಂಗಾತು.

ನಗು ಬರುತ್ತದೆ, ನಗಬಾರದು, ನಕ್ಕರೆ ಸೋತಂತೆ. ಪಣ ಕಟ್ಟಿದ್ದು ತಾನೇ. ಅತ್ತಿ, ನಿಮ್ಮ ಮಣಿಕಟ್ಟ ಬಾತೈತಿ, ಡಾಕ್ಟರು ಏನ ಹೇಳ್ಯಾರ, ಇನ್ನ ಮುಸುರಿ ಮುಟ್ಟಬ್ಯಾಡ್ರಿ, ಎಂದಳು ಶೈಲಾ, ಖರೆ, ಬಾತಿದೆ, ತಂಬಿಗೆ ಎತ್ತಿದರೆ ಹೆಗಲವರೆಗೂ ಚಳಕು ಹೊಡೆಯುತ್ತದೆ, ಆದರೆ ಮಂದಿಯೆದುರು ಹಾಗೆನ್ನಬಹುದೇ, ಸಿಟ್ಟು ಬಂತು, ಆಗಲಿ, ನಿನ್ನ ಹಿಂಡಿಪೆಟ್ಟಿಗಿ ನನ್ನ ಕಣ್ಣಮುಂದ ತಾಟ ಬೆಳಗಿ ಕೊಡಲಿ, ಮುಸುರಿ ತೊಳಿಯೂ ಕಟ್ಟಿ ಬಿಟ್ಟ, ಜೋಕಾಲಿ ಮ್ಯಾಲ ಕುಂದರತೇನಿ, ಬೆಳಗಲಿಲ್ಲಂದ್ರ ಅದು ಮೂಡಲಗಿ ಎಮ್ಮಿ ಕಡೆ ವಾಪಸ. ಅಂದದ್ದೇನೋ ಅಂದಳು, ಜೋಕಾಲಿಯ ಮೇಲೆ ಕೂತು ಮಾಡುವುದೇನು, ಕಾಲು ಅಲ್ಲಾಡಿಸುವುದೇ? ಹಿತ್ತಲ ಬಾಗಿಲ ಆಚೆಗೆ ಆ ಕಟ್ಟೆ, ಊಟ ಮುಗಿದ ಮೇಲೆ ತಾನು ತಿಕ್ಕುವುದು, ಶೈಲಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೀರು ಹಾಕುವುದು, ದಿನವೆಲ್ಲ ಓಡಾಡುವ ಹುಡುಗಿ ಕೈಗೆ ಸಿಗುವುದು ಅಲ್ಲೊಂದೇ, ಅಲ್ಲಿಯೇ ಅವಳ ಬಾಯಿ ಬಿಚ್ಚುವುದು, ಮೊದಲ ಬಸಿರು ನಿಲ್ಲಲಿಲ್ಲ ಎಂದು ಅತ್ತದ್ದು ಅಲ್ಲಿ, ಕಾಶಿನಾಥ, ತನ್ನ ಹೊಟ್ಟೆಯ ಮಗ, ನಿದ್ದೆಯಲ್ಲಿ ಕೋರ್ಟಿನ ಸಾಹೇಬರಿಗೆ ಸಲಾಮು ಹೊಡೆಯುತ್ತಾನೆಂದು ಅಭಿನಯಿಸಿ ತೋರಿಸಿದ್ದು ಅಲ್ಲಿ, ಇಬ್ಬರೂ ನಕ್ಕು ನಕ್ಕು ಚರಗಿ ಉರುಳಿಸಿದ್ದು, ಈ ಖಾನಾವಳಿ ತೆಗೆಯುತ್ತೇನೆ, ಅವರಿಗೆ ಹೇಗೆ ಹೇಳಲಿ ಎಂದು ಮೊದಲು ಕೇಳಿದ್ದೂ ಗಂಡನನ್ನಲ್ಲ, ಕಟ್ಟೆಯ ಮೇಲೆ ತನ್ನನ್ನು. ಮಷೀನು ಗೆದ್ದರೆ ಕಟ್ಟೆ ಒಣಗುತ್ತದೆ, ಕಟ್ಟೆ ಒಣಗಿದರೆ ಆ ಹುಡುಗಿ ತನ್ನ ಬಾಜೂಕೆ ಯಾಕೆ ಬಂದು ಕೂಡುತ್ತಾಳೆ, ಏನು ಕೆಲಸ ಅವಳಿಗೆ — ಇದನ್ನು ಹೇಳಲು ಬರುವುದಿಲ್ಲ, ಮುಸುರಿಯ ಮೇಲೆ ಪ್ರೀತಿ ಎಂದರೆ ಮಂದಿ ಹುಚ್ಚಿ ಅನ್ನುತ್ತಾರೆ, ಅದಕ್ಕೇ ಮಣಿಕಟ್ಟು ನೋಯುವುದಿಲ್ಲ ಎಂದು ಸುಳ್ಳು ಹೇಳುತ್ತ ಬಂದದ್ದು.

ಗುಳುಗುಳು ನಿಂತು ಈಗ ಜುರ್ರೆಂದು ನೀರು ಹೊರಬೀಳುವ ಸದ್ದು, ಬಾಬಾಲಾಲ ಅಲ್ಹಮ್ದುಲಿಲ್ಲಾ ಅಂದ, ವೀರಪ್ಪ ಬಾಗಿಲಲ್ಲಿ ನಿಂತು ತನ್ನ ಹಿಂಡಿಪೆಟ್ಟಿಗೆಯ ವೈಭವ ನೋಡುತ್ತಿದ್ದಾನೆ, ಹೊಟ್ಟೆ ತುಂಬ ಉಂಡಿದ್ದಾನೆ, ಎಲ್ಲರೂ ಉಂಡಿದ್ದಾರೆ, ಎಣ್ಣೆಗಾಯಿ, ರೊಟ್ಟಿ, ಮಾದಲಿ, ತುಪ್ಪ, ಪರೀಕ್ಷೆಯ ಊಟವೆಂದು ಶೈಲಾ ಜಿಡ್ಡು ಜಾಸ್ತಿಯೇ ಬಡಿಸಿದ್ದಳು. ಜಾರಿದ ಸೆರಗನ್ನು ತಲೆಗೆ ಏರಿಸಲು ಶಿವಗಂಗವ್ವ ಕೈ ಎತ್ತಿದಳು, ಮೂಗಿನ ಹತ್ತಿರ ಕೈ ಬಂತು, ಬೂದಿಯ ವಾಸನೆ. ಉಗುರ ಸಂದಿಯಲ್ಲಿ ಬೂದಿ. ಬೂದಿ ಯಾಕೆ — ಅಯ್ಯ ನನ್ನ ಶಿವನೇ! ಉಂಡ ಮೇಲೆ ವೀರಪ್ಪ ತಾಟಿಗೆ ನೀರು ಹಾಕಿ, ಬೆರಳಿಂದ ಸುತ್ತ ಬಳಿದು, ಎತ್ತಿ ಕುಡಿದ, ತಾನೂ ಕುಡಿದಳು, ಕಾಶಿನಾಥ ತಾಯಿಯ ಕಣ್ಣಿಗೆ ಅಂಜಿ ಕುಡಿದ, ಪ್ರಸಾದ ಒಂದು ಅಗುಳೂ ಕೆಡಬಾರದು, ಹುಟ್ಟಿದಾಗಿಂದ ಬಂದ ರೂಢಿ, ಅತ್ತ ಗುಡುಬಿ ಕೊನೆಯ ರೊಟ್ಟಿ ತುಣುಕಿನಿಂದ ತಾಟು ಒರೆಸಿ ಕಾಳಿನಾಗ ಬರಕತ್ ಇರತೈತ್ರಿ ಎಂದು ಬಾಯಿಗೆ ಹಾಕಿಕೊಂಡಳು, ಆಮೇಲೆ ಎಲ್ಲರೂ ಕೈ ತೊಳೆಯಲು ಹೋದಾಗ ತಾನು ತಾಟುಗಳನ್ನು ಎತ್ತಿ — ಎತ್ತಿ ಕಟ್ಟೆಗೆ ಒಯ್ದು, ಯಾವ ಪಣ, ಯಾವ ಮಷೀನು, ಒಂದೂ ನೆನಪಿಲ್ಲ, ಕೈ ತನ್ನಷ್ಟಕ್ಕೆ ತಾನೇ ಬೂದಿ ತಗೊಂಡಿತು, ಗರಗರ ತಿಕ್ಕಿತು, ತೊಳೆಯಿತು, ಬೋರಲು ಹಾಕಿತು. ಶೈಲಾ ಬಂದು ಒದ್ದೆ ತಾಟು ನೋಡಿ, ನಮ್ಮ ಮಂದಿ ತೊಳದ ಕುಡದಾರಲ್ಲ ಎಂದುಕೊಂಡು ಹಾಗೇ ಒಳಗೆ ಜೋಡಿಸಿದಳು. ಅಂದರೆ ಮಷೀನು ಈಗ ತೊಳೆಯುತ್ತಿರುವುದು ತೊಳೆದ ತಾಟು. ತನ್ನ ಕಾಯಕ ಅದರ ಹೆಸರಿಗೆ! ತಾನೇ ತಿಕ್ಕಿ, ತಾನೇ ಸೋತು, ತಾನೇ ಜೋಕಾಲಿ ಏರಬೇಕು!

ಮುಚ್ಚಳ ಎತ್ತಿದರು, ಬಿಸಿ ಹಬೆ ಮೇಲೆದ್ದಿತು, ತಾಟುಗಳು ಫಳಫಳ, ಚಪ್ಪಾಳೆ, ಗುಡುಬಿ ಬಾಬಾಲಾಲನ ದೃಷ್ಟಿ ತೆಗೆದಳು, ಶೈಲಾ ಮೊಬೈಲು ಬಿಟ್ಟು ಬಂದು ಕೊರಳಿಗೆ ಬಿದ್ದಳು, ಸೋತ್ರಿ ಅತ್ತಿ, ಸೋತ್ರಿ, ಇನ್ನ ಕೈಗೆ ಸುಖ ನಿಮಗ. ಸುಮ್ಮನಿದ್ದರೆ ಎಲ್ಲರಿಗೂ ಸಂತೋಷ, ಬಾಬಾಲಾಲನ ಮುಖ ನೋಡು, ಹಬ್ಬದ ಚಂದ್ರ ಕಂಡವನ ಹಾಗೆ, ಸುಮ್ಮನಿರು ಮುದುಕಿ, ಸುಮ್ಮನಿರು — ಸೋತೇನೋ ಗೆದ್ದೇನೋ ಶಿವಗ ಗೊತ್ತ, ಅವನ್ನ ನಾ ಆಗಲೇ ತಿಕ್ಕಿ ಇಟ್ಟಿದ್ದೆ, ಎಂದಿತು ಬಾಯಿ. ಮೊದಲು ನಕ್ಕವನು ವೀರಪ್ಪ, ಗೋಡೆ ಹಿಡಿದು ನಕ್ಕ, ಅಕ್ಕಾರ, ಮಷೀನಿಗಿ ಪಗಾರ ಕೊಟ್ಟು ಕೆಲಸ ನೀವ ಮಾಡೂದೇನ್ರಿ! ಕಾಶಿನಾಥ ಹಣೆ ಬಡಿದುಕೊಂಡ. ಬಾಬಾಲಾಲನ ಮುಖ ಇಳಿಯಿತು, ಹಂಗಾದ್ರ ಇದು ತೊಳಿತೈತೋ ಇಲ್ಲೋ ಯಾರಿಗಿ ಗೊತ್ರಿ ಅವ್ವಾರ? ತಾಟಿಗಿಷ್ಟು ಪಲ್ಯ ಬಳದು ಹಾಕೂಣ, ಎಂದ ವೀರಪ್ಪ, ಅದಕ್ಕೆ ಶಿವಗಂಗವ್ವ ಎದ್ದು ನಿಂತಳು, ಅನ್ನ ಕೆಡಿಸಿ ಪರೀಕ್ಷಾ ಮಾಡ್ತೀರೇನ, ನನ್ನ ಮನ್ಯಾಗ ಆಗೂದಿಲ್ಲ, ಬೇಕಾದರ ಮತ್ತೊಮ್ಮೆ ಉಣ್ರಿ.

ಉಂಡರು! ಹೊಟ್ಟೆಯಲ್ಲಿ ಜಾಗ ಇಲ್ಲದವರು ಮಾದಲಿಗೆ ಹಾಲು ತುಪ್ಪ ಹಾಕಿಕೊಂಡು ಮತ್ತೆ ಸಾಲಾಗಿ ಕೂತು ಉಂಡರು, ಬಾಬಾಲಾಲ ಉಣ್ಣದೆ ಎದುರಿಗೆ ಕೈಮುಗಿದು ನಿಂತ, ದಯಮಾಡಿ ತಾಟ ತೊಳದ ಕುಡಿಬ್ಯಾಡ್ರಿ ಯಪ್ಪಾ, ಇದೊಂದ ಸಲ. ವೀರಪ್ಪನ ಕೈ ಎರಡು ಸಲ ತಂಬಿಗೆಗೆ ಹೋಗಿ ಬಂತು, ಅವನಿಗೆ ಹಾಗೇ ಏಳಲು ಆಗದು, ಕೂತೇ ಇದ್ದ, ತಾಟಿಗೆ ಅಂಟಿದ ಮಾದಲಿ ನೋಡುತ್ತ, ತಪ್ಪಾತು ಶಿವಾ ಎಂದು ಗಲ್ಲ ಬಡಿದುಕೊಂಡು ಎದ್ದ. ಈ ಸಲ ಶೈಲಾ ಅತ್ತೆಯ ಎರಡೂ ಕೈ ಹಿಡಿದುಕೊಂಡು ನಿಂತಳು, ನೀವು ಮುಟ್ಟಬ್ಯಾಡ್ರಿ. ಗುಡುಬಿಯೇ ಜೋಡಿಸಿದಳು, ಜೋಡಿಸುತ್ತ, ಒಲೆಯ ಮೇಲಿದ್ದ ಎಣ್ಣೆಗಾಯಿಯ ಬೋಗಾಣಿ ತಂದು, ಇದೂ ಇರಲ್ರಿ ಎಂದು ಬೋರಲು ಹಾಕಿದಳು, ಮೊಬೈಲಿನ ಗದ್ದಲದಲ್ಲಿ ಶೈಲಾ ತಳ ಹತ್ತಿಸಿಬಿಟ್ಟಿದ್ದಳು, ಎಣ್ಣೆ, ಶೇಂಗಾ, ಎಳ್ಳು ಎಲ್ಲ ಸೇರಿ ತಳದಲ್ಲಿ ಕರ್ರಗೆ ಹಿಡಿದುಕೊಂಡಿತ್ತು. ಮುಚ್ಚಳ ಬಿತ್ತು, ಗುಳುಗುಳು. ಈಗ ಗೊತ್ತಾಗುತ್ತದೆ, ಈಗ ತೊಳೆದರೆ ಖರೆ ತೊಳೆದಂತೆ, ತೊಳೆಯಲಿ, ಬಾಬಾಲಾಲನ ಸಲುವಾಗಿ ತೊಳೆಯಲಿ, ತನ್ನ ಸಲುವಾಗಿ ಬೇಡ, ಎರಡೂ ಹೇಗಾಗುತ್ತದೆ, ಶೈಲಾಳ ಬೆರಳುಗಳು ತನ್ನ ಮಣಿಕಟ್ಟನ್ನು ಮೆಲ್ಲಗೆ ಒತ್ತುತ್ತಿವೆ, ನೋವು ಎಷ್ಟೆಂದು ಅವಳ ಕೈಗೆ ತಿಳಿದಿರಬೇಕು, ತಾನು ಸುಳ್ಳು ಹೇಳುವುದೇಕೆಂದೂ ಯಾವಾಗಲೋ ತಿಳಿದಿರಬೇಕು, ಆ ಬೋಗಾಣಿ ಒಳಗೆ ಏನಾಗುತ್ತಿದೆಯೋ, ಕರಿ ತಳ, ನೀರು ಹೊಡೆಯುತ್ತಿದೆ, ಕರಗಿತೋ ಏನೋ.

ಮುಚ್ಚಳ ಎತ್ತಿದರು. ತಾಟುಗಳು ಹೊರಬಂದವು, ಶಿವಗಂಗವ್ವ ತಾನೇ ಹೆಬ್ಬೆರಳು ಒತ್ತಿ ನೋಡಿದಳು, ಜಿಡ್ಡಿಲ್ಲ, ಅಗುಳಿಲ್ಲ, ಅಂಚಿನಲ್ಲಿಯೂ ಇಲ್ಲ, ತೊಳದೈತಿ ತಮ್ಮಾ, ಸುಳ್ಳ ಹೇಳಬಾರದು, ಚೊಕ್ಕ ತೊಳದೈತಿ, ಎಂದಳು, ಬಾಬಾಲಾಲ ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡ, ಅವನನ್ನು ನೋಡಿ ಅವಳಿಗೆ ಖರೇ ಖುಷಿಯಾಯಿತು, ಒಳಗೆಲ್ಲೋ ಕಟ್ಟೆ ಒಣಗಿತು, ಆಗಲಿ, ಜೋಕಾಲಿಗೆ ಹೊಸ ಹಗ್ಗ ಕಟ್ಟಿಸಬೇಕು, ಒಬ್ಬಳೇ ಕೂತರೆ ಅದೂ ತೂಗುವುದಿಲ್ಲ — ಅಷ್ಟರಲ್ಲಿ ಶೈಲಾ ಬಗ್ಗಿ ಕೆಳಗಿನಿಂದ ಬೋಗಾಣಿ ಎತ್ತಿದಳು, ಒಳಗೆ ಇಣುಕಿ ಬಾಬಾಲಾಲನ ಕಡೆ ಹಿಡಿದಳು. ಬಾಬಾಲಾಲ ನೋಡಿ ನಾಲಿಗೆ ಕಚ್ಚಿಕೊಂಡ, ಇದರ ಕೈಲಿ ಇದ ಆಗೂದಿಲ್ರಿ. ಶೈಲಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬೋಗಾಣಿಯನ್ನು ಕಂಕುಳಿಗೆ ಇರುಕಿಕೊಂಡಳು, ಒಲೆಯಿಂದ ಒಂದು ಹಿಡಿ ಬೂದಿ ತಗೊಂಡಳು, ಹಿತ್ತಲ ಬಾಗಿಲಲ್ಲಿ ತಿರುಗಿ ನಿಂತು, ಬರ್ರಿ ಅತ್ತಿ, ಇವತ್ತ ನಾ ತಿಕ್ಕತೇನಿ, ನೀವು ನೀರ ಹಾಕ್ರಿ, ನಿಮ್ಮ ಮಗ ನಿನ್ನೆ ಏನ ಮಾಡಿದಾ ಅಂತ ಹೇಳೂದೈತಿ, ಎಂದು ಅವಳು ಬೋಗಾಣಿಯನ್ನು ಇತ್ತ ವಾಲಿಸಿ ತೋರಿಸಿದಳು, ತಳದಲ್ಲಿ, ನೀರು ಕುಡಿದು ಮಿರಿಮಿರಿ ಮಿಂಚುತ್ತ, ಕರಿ, ಅಂಗೈಯಗಲ, ಒಂದಿಷ್ಟೂ ಬಿಟ್ಟಿಲ್ಲ, ಕರಿ, ಕರ್ರಗಿನ ಕರಿ —