ಅಂಚಿನ ಬಣ್ಣ

"ಅಂಗ್ ಕಿತ್ಕೊಬ್ಯಾಡ ಬುಡು ನಾಗರತ್ನ, ಒಡ್ದೋಯ್ತದೆ" ಎಂದು ಸಾಕಮ್ಮ ಗಾಜಿನ ಜಾಡಿಯನ್ನು ಎದೆಗೆ ಅವಚಿಕೊಂಡಳು.

ನಾಗರತ್ನ ಬಿಡುವವಳಲ್ಲ. ಗಂಡ ಚೆಲುವಯ್ಯ ಮೇಷ್ಟ್ರ ಹೆಣ ಜಗಲಿಯ ಮೇಲಿದೆ, ಹೆಡತಲೆ ಗ್ರಾಮದ ಅರ್ಧ ಜನ ಅಂಗಳದಲ್ಲಿ ಕೂತಿದ್ದಾರೆ, ಅತ್ತಿಗೆ ನಾದಿನಿಯರು ಜಾಡಿಗಾಗಿ ಜಗ್ಗಾಡುತ್ತಿದ್ದಾರೆ. ಸತ್ತವರಿಗೆ ಇಷ್ಟವಾದದ್ದನ್ನು ಗುಂಡಿಯಲ್ಲಿಡುವುದು ಅವರ ಮನೆತನದ ಪದ್ಧತಿ. ಬೀಡಿ ಸೇದುವವರಿಗೆ ಬೀಡಿ, ಎಲೆಅಡಿಕೆ ಹಾಕುವವರಿಗೆ ಎಲೆಅಡಿಕೆ. ಮೇಷ್ಟ್ರಿಗೆ ಎರಡೂ ಇರಲಿಲ್ಲ. ಇದ್ದದ್ದು ಈ ಜಾಡಿ. ಅದರೊಳಗೆ ಸ್ಪಿರಿಟ್ಟಿನಲ್ಲಿ ಮುಳುಗಿದ, ಹೆಬ್ಬೆರಳುದ್ದದ ಬಿಳಿಚಿಕೊಂಡ ಹುಳು.

"ನನ್ ತಮ್ಮನ್ ಜೀವೆಲ್ಲ ಇದ್ರಲ್ಲೇ ಇತ್ತು ಕನವ್ವ. ಅವ್ನ್ ಜತ್ಗೇ ಓಗ್ಲಿ."

"ಅದಕ್ಕಿನ್ನೂ ಹೆಸರು ಸಿಕ್ಕಿಲ್ಲ ಅಕ್ಕಾ" ಅಂದಳು ನಾಗರತ್ನ. ಅಂದ ಮೇಲೆ ಅವಳಿಗೆ ಅಳು ಬಂತು.

*

ಮದುವೆಯಾದ ಹೊಸತು. ಊರವರೆಲ್ಲ ಹೆಂಡತಿಯನ್ನು ಊಟಿಗೆ ಕರೆದೊಯ್ದರೆ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಈ ಮಹಾರಾಯರು ನಂಜನಗೂಡಿನ ಹುಡುಗಿಯನ್ನು ಕಾರವಾರದ ಬಂಡೆಗಳ ಮೇಲೆ ನಿಲ್ಲಿಸಿದರು. ಸಮುದ್ರ ಇಳಿದ ಹೊತ್ತು. ಕಲ್ಲಿನ ಗುಳಿಯ ನೀರಿನಲ್ಲಿ ಚಿಪ್ಪಿಲ್ಲದ ಕಡಲ ಬಸವನಹುಳುವೊಂದು ತೆವಳುತ್ತಿತ್ತು. ಹಾಲಿನ ಮೈ, ಬೆನ್ನ ಮೇಲೆ ಹೂವಿನಂಥ ಕಿವಿರು, ಮೈಸುತ್ತ ಬಣ್ಣದ ಅಂಚು. ಸಂಭ್ರಮದಲ್ಲಿ ಮೇಷ್ಟ್ರು ಅದನ್ನು ಸ್ಪಿರಿಟ್ಟಿಗೆ ಹಾಕಿದರು. ಊರು ಸೇರುವಷ್ಟರಲ್ಲಿ ಬಣ್ಣ ಬಿಟ್ಟುಹೋಗಿತ್ತು.

ಅಂಚು ಹಳದಿಯಾಗಿದ್ದರೆ ನಮ್ಮ ಕರಾವಳಿಯ ಮಾಮೂಲಿ ಜಾತಿ. ಕೆಂಪಾಗಿದ್ದರೆ ಆಸ್ಟ್ರೇಲಿಯಾ ಕಡೆಯದು, ಇಲ್ಲಿ ಯಾರೂ ಕಾಣದ್ದು.

"ಕೆಂಪು" ಅಂದರು ಮೇಷ್ಟ್ರು.

"ಹಳದಿ ಕಣ್ರೀ. ಅರಿಶಿನದ ಹಾಗಿತ್ತು."

"ನಿನ್ ಕಣ್ಣೇ ಸರಿಯಿಲ್ಲ ರತ್ನ."

"ನಿಮ್ಮನ್ನ ಒಪ್ಕೊಂಡಾಗ್ಲೇ ಗೊತ್ತಾಯ್ತಲ್ಲ."

ಅಲ್ಲಿಂದ ಮೂವತ್ತು ವರ್ಷ ಇದೇ ಜಗಳ. ಮುನಿಸಿಕೊಂಡು ಮಾತು ಬಿಟ್ಟ ದಿನ ಸಾರು ಬಡಿಸುತ್ತ ಅವಳು "ಹಳದಿ" ಅಂದರೆ ಸಾಕು, ತಟ್ಟೆಯ ಕಡೆಯಿಂದ "ಕೆಂಪು" ಅಂತ ಬರುತ್ತಿತ್ತು. ಅಲ್ಲಿಗೆ ರಾಜಿ.

*

ಮಧ್ಯಾಹ್ನಕ್ಕೆ ತಿರುಮಕೂಡಲಿನಿಂದ ಕೃಷ್ಣಕುಮಾರ್ ಬಂದ. ಮೇಷ್ಟ್ರ ಹಳೆಯ ಶಿಷ್ಯ, ಈಗ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ಗುರುವಿನ ಕಾಲು ಮುಟ್ಟಿ, ಕಣ್ಣೊರೆಸಿಕೊಂಡು, ನಾಗರತ್ನಳ ಪಕ್ಕ ಕೂತ.

"ಜಾಡಿ ನಮ್ಮ ಕಾಲೇಜಿಗೆ ಕೊಡೀಮ್ಮ. ಹೆಸರು ಬರೆದು ಇಡ್ತೀನಿ. ಜೀವಂತವಾಗಿ ನೋಡಿದೋರು ಈಗ ನೀವೊಬ್ರೇ. ನೀವು ಯಾವ ಬಣ್ಣ ಅಂತೀರೋ ಅದೇ." ಸಾಕಮ್ಮನ ಕೈಲಿದ್ದ ಜಾಡಿ ನೋಡುತ್ತ ಹೇಳಿದ: "ಮೇಷ್ಟ್ರು ಕೆಂಪು ಅಂತಿದ್ರು."

"ಕೆಂಪು ಅನ್ಬುಡವ್ವ. ಸತ್ತೋನ್ ಮಾತು ಉಳ್ಕಳ್ಳಿ" ಎಂದು ಸಾಕಮ್ಮ ಜಾಡಿಯನ್ನು ತಾನಾಗಿ ಅವನ ಮುಂದಿಟ್ಟಳು.

ಅಂದುಬಿಡಬಹುದಿತ್ತು. ಒಂದು ಮಾತಿಗೆ ಗಂಡನ ಬದುಕಿನ ಆಸೆ ಕೈಗೂಡುತ್ತಿತ್ತು. ನಾಗರತ್ನ ಹೂವಿನ ನಡುವಿನ ಆ ಮುಖ ನೋಡಿದಳು. ಇಷ್ಟು ವರ್ಷ ಸೋಲದವಳು ಇವತ್ತು ಸೋತರೆ, ಈ ಮನುಷ್ಯ ಸತ್ತೇ ಹೋದರು ಅಂತ ತಾನೇ ಒಪ್ಪಿಕೊಂಡ ಹಾಗೆ. ಕರುಣೆ ತೋರಿಸಿದಳು ಅಂತ ಅವರೂ ಬೇಜಾರು ಮಾಡಿಕೊಂಡಾರು.

"ಹಳದಿ. ಬರಕೊಳ್ಳಪ್ಪ."

"ಏನ್ ಕಲ್ಲೆದೆ ಕನವ್ವ ನಿಂದು" ಎಂದು ಸಾಕಮ್ಮ ಮುಖ ತಿರುಗಿಸಿದಳು. ಕೃಷ್ಣಕುಮಾರ್ ಜಾಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡ.

ಹೊಲದ ಬದುವಿನ ಪಕ್ಕ ಗುಂಡಿ ತೆಗೆದಿದ್ದರು. ಹೆಣ ಇಳಿಸಿದ ಮೇಲೆ ತಮಟೆ ನಿಂತಿತು. ಮೊದಲ ಹಿಡಿ ಮಣ್ಣು ಹೆಂಡತಿಯದು. ನಾಗರತ್ನ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬಗ್ಗಿ, ಗುಂಡಿಯೊಳಗೆ ಮೆಲ್ಲಗೆ ಹೇಳಿದಳು.

"ಹಳದಿ ಕಣ್ರೀ."

ಜನ ಕಾದರು.

"ಮಣ್ ಆಕವ್ವ, ವೊತ್ತಾಯ್ತು" ಎಂದು ಸಾಕಮ್ಮ ಭುಜ ಮುಟ್ಟಿದಳು.

"ತಡಿ ಅಕ್ಕ" ಅಂದಳು ನಾಗರತ್ನ. ಮಣ್ಣಿನ ಮುಷ್ಟಿಯನ್ನು ಬಿಗಿಹಿಡಿದು, ಕಿವಿಯನ್ನು ಇನ್ನಷ್ಟು ಕೆಳಗೆ ಕೊಟ್ಟಳು.